20 ನಿಮಿಷ ಕಳೆದ ಮೇಲೆಯೇ ಕೊಬ್ಬು ಕರಗುವುದೇ?

ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮಾಡುವವರ ಬಾಯಲ್ಲಿ ಒಂದು ಲೆಕ್ಕ ಓಡಾಡುತ್ತಿರುತ್ತದೆ. ಮೊದಲ 20 ನಿಮಿಷ ಮೈ ಉರಿಸುವುದು ಸಕ್ಕರೆಯನ್ನು ಮಾತ್ರ, ಕೊಬ್ಬಿನ ಸರದಿ ಬರುವುದು ಆಮೇಲೆ; ಆದ್ದರಿಂದ 15 ನಿಮಿಷಕ್ಕೇ ಮನೆಗೆ ಮರಳಿದರೆ ನಡೆದದ್ದೆಲ್ಲ ದಂಡ. ಇದನ್ನು ನಂಬಿ, ಹೊತ್ತು ಸಾಲದ ದಿನ ಮನೆಯಿಂದ ಹೊರಗೇ ಬರದವರಿದ್ದಾರೆ. ಅವರಿಗಾಗಿಯಾದರೂ ಈ ಲೆಕ್ಕವನ್ನು ಮೊದಲು ಅಳಿಸಬೇಕು.

ಊಟವಾಗಿ ಕೆಲವು ಗಂಟೆ ಕಳೆದು ಸುಮ್ಮನೆ ಕೂತಿರುವಾಗಲೂ ನಮ್ಮ ಸ್ನಾಯುಗಳು ಹೆಚ್ಚಾಗಿ ಬಳಸುವುದು ಕೊಬ್ಬನ್ನೇ. ನಡೆಯಲು ಶುರುಮಾಡಿದ ಮೊದಲ ಹೆಜ್ಜೆಯಿಂದಲೇ ಕೊಬ್ಬು, ಸಕ್ಕರೆ ಎರಡೂ ಒಟ್ಟಿಗೆ ಉರಿಯುತ್ತವೆ. ಬದಲಾಗುವುದು ಅವುಗಳ ಪಾಲು ಮಾತ್ರ. ನಿಧಾನವಾಗಿ ನಡೆದಾಗ ಕೊಬ್ಬಿನ ಪಾಲು ದೊಡ್ಡದು. ಓಟಕ್ಕೆ ಇಳಿದರೆ ಶಕ್ತಿ ಕೂಡಲೇ ಬೇಕು. ಕೊಬ್ಬನ್ನು ಶೇಖರಣೆಯಿಂದ ಬಿಡಿಸಿ, ರಕ್ತದ ಮೂಲಕ ಸ್ನಾಯುವಿಗೆ ಮುಟ್ಟಿಸಿ ಉರಿಸುವಷ್ಟು ಪುರುಸೊತ್ತು ಇರುವುದಿಲ್ಲ. ಆಗ ಸ್ನಾಯುವಿನೊಳಗೇ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂಥ ಸಕ್ಕರೆ ಮುಂದೆ ಬರುತ್ತದೆ. ಒಂದೇ ವೇಗದಲ್ಲಿ ತಾಸುಗಟ್ಟಲೆ ನಡೆದರೆ ಕೊಬ್ಬಿನ ಪಾಲು ಮೆಲ್ಲಗೆ ಏರುತ್ತಾ ಹೋಗುತ್ತದೆ ಎನ್ನುವುದು ನಿಜ. ಆ 20 ನಿಮಿಷದ ನಂಬಿಕೆಯಲ್ಲಿರುವ ಸತ್ಯಾಂಶ ಅಷ್ಟೇ.

ದೇಹ ಹೀಗೆ ಪಾಲು ಹಂಚುವುದಕ್ಕೆ ಕಾರಣ ಅದರ ದಾಸ್ತಾನಿನಲ್ಲಿದೆ. ಇಡೀ ರಕ್ತದಲ್ಲಿ ಹರಿಯುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಮಚ. ಲಿವರ್‌ನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಎಲ್ಲ ಸೇರಿದರೂ 2,000 ಕ್ಯಾಲೊರಿ ಆಸುಪಾಸು. ಸಾಧಾರಣ ಮೈಕಟ್ಟಿನವರಲ್ಲೂ 10 ಕಿಲೋ ಕೊಬ್ಬಿರುತ್ತದೆ. ಗ್ರಾಂಗೆ 9ರಂತೆ ಅದು 90,000 ಕ್ಯಾಲೊರಿ. ಸಕ್ಕರೆ ಅಷ್ಟು ಕಡಿಮೆ ಇರುವುದರಿಂದಲೇ ಅದನ್ನು ಕಾಪಾಡುವುದಕ್ಕೆ ದೇಹ ಇಷ್ಟೆಲ್ಲ ಏರ್ಪಾಟು ಮಾಡಿಕೊಂಡಿದೆ. ಸ್ನಾಯು ತನ್ನ ಗ್ಲೈಕೋಜನ್ನನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಟ್ಟುಕೊಡಲಾರದು, ಅದಕ್ಕೆ ಬೇಕಾದ ಕಿಣ್ವ ಅಲ್ಲಿಲ್ಲ. ಮೈಗೆಲ್ಲ ಸಕ್ಕರೆ ಹಂಚುವ ಕೆಲಸ ಮುಖ್ಯವಾಗಿ ಲಿವರ್‌ನದು.

1966ರಲ್ಲಿ ಸ್ವೀಡನ್ನಿನ ಯೊನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡರು. ಒಂದೇ ವ್ಯಾಯಾಮ ಸೈಕಲ್ಲಿನ ಎರಡು ಬದಿಗೆ ಕೂತು, ಒಬ್ಬೊಬ್ಬರೂ ಒಂದೊಂದು ಕಾಲಿನಿಂದ ಮಾತ್ರ ಸುಸ್ತಾಗುವವರೆಗೆ ತುಳಿದರು. ತೊಡೆಗೆ ಸೂಜಿ ಚುಚ್ಚಿ ತೆಗೆದ ಚೂರುಗಳಲ್ಲಿ, ತುಳಿದ ಕಾಲಿನ ಗ್ಲೈಕೋಜನ್ ಬರಿದಾಗಿತ್ತು, ಇನ್ನೊಂದು ಕಾಲಿನದು ಹಾಗೇ ಇತ್ತು. ಆಮೇಲೆ ಕೆಲವು ದಿನ ಪಿಷ್ಟ ಹೆಚ್ಚಿರುವ ಆಹಾರ ತಿಂದಾಗ, ತುಳಿದ ಕಾಲು ಇನ್ನೊಂದರ ಸುಮಾರು ಎರಡರಷ್ಟು ಗ್ಲೈಕೋಜನ್ ತುಂಬಿಕೊಂಡಿತು. ಎರಡು ಕಾಲಿಗೂ ಹರಿದದ್ದು ಒಂದೇ ರಕ್ತ, ಅದೇ ಇನ್ಸುಲಿನ್. ಆದರೂ ದುಡಿದ ಸ್ನಾಯು ತನಗೆ ಬೇಕಾದ್ದನ್ನು ತಾನೇ ಎಳೆದುಕೊಂಡಿತು. ಮ್ಯಾರಥಾನ್ ಓಟಗಾರರು ಓಟಕ್ಕೆ ಮುನ್ನ ಅನ್ನ, ಪಾಸ್ತಾ ಹೆಚ್ಚಾಗಿ ತಿನ್ನುವ ರೂಢಿಯ ಬೇರು ಇಲ್ಲಿದೆ.

ಜಿಮ್ಮಿನ ಯಂತ್ರಗಳ ಮೇಲೆ ‘ಕೊಬ್ಬು ಕರಗುವ ವೇಗ’ ಎಂದು ನಿಧಾನ ನಡಿಗೆಯನ್ನು ಗುರುತಿಸಿರುತ್ತಾರೆ. ಪಾಲಿನ ಲೆಕ್ಕದಲ್ಲಿ ಅದು ಸರಿ. ಆದರೆ ಅರ್ಧ ತಾಸು ನಿಧಾನ ನಡೆದು 150 ಕ್ಯಾಲೊರಿ ಖರ್ಚಾಗಿ ಅದರಲ್ಲಿ ಶೇ 60 ಕೊಬ್ಬಿನದು ಎಂದುಕೊಳ್ಳೋಣ: 90 ಆಯಿತು. ಬಿರುಸಾಗಿ ಹೋಗಿ 280 ಖರ್ಚಾಗಿ ಕೊಬ್ಬಿನ ಪಾಲು ಶೇ 40ಕ್ಕೆ ಇಳಿದರೂ 112. ಹಾಗಂತ ಮಂಡಿನೋವಿನವರು ಓಡಬೇಕಾಗಿಲ್ಲ. ದಿನವೂ ಮಾಡಲು ಆಗುವ ವೇಗವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಖಾಲಿ ಹೊಟ್ಟೆಯಲ್ಲಿ ನಡೆದರೆ ಹೆಚ್ಚು ಕರಗುತ್ತದೆ ಎನ್ನುವುದೂ ಅರ್ಧ ಸತ್ಯ. ಬೆಳಗ್ಗೆ ಇನ್ಸುಲಿನ್ ಕಡಿಮೆಯಿರುವುದರಿಂದ ಆ ಒಂದು ತಾಸಿನಲ್ಲಿ ಕೊಬ್ಬು ಹೆಚ್ಚು ಉರಿಯುತ್ತದೆ. ಆದರೆ ತೂಕ ಇಳಿಯುವುದು ಒಂದು ತಾಸಿನ ಲೆಕ್ಕದಿಂದಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಯುವತಿಯರು 4 ವಾರ ವ್ಯಾಯಾಮ ಮಾಡಿದರು. ಅರ್ಧ ಜನ ಖಾಲಿ ಹೊಟ್ಟೆಯಲ್ಲಿ, ಉಳಿದವರು ತಿಂದ ಮೇಲೆ. ಎಲ್ಲರ ಆಹಾರದಲ್ಲೂ ಕ್ಯಾಲೊರಿ ಕಡಿತವಿತ್ತು. ಎರಡೂ ಗುಂಪಿನವರ ಕೊಬ್ಬು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಅಧ್ಯಯನ ಚಿಕ್ಕದು, ಆದರೆ ತಲೆ ಸುತ್ತಿದರೂ ಹಲ್ಲು ಕಚ್ಚಿಕೊಂಡು ನಡೆಯುವವರು ಇದನ್ನು ತಿಳಿದಿರಬೇಕು.

ಇನ್ನು ಉಪವಾಸದ ಭಯ. ಒಂದು ಹೊತ್ತು ಊಟ ಬಿಟ್ಟರೆ ಸ್ನಾಯುಗಳೇ ಕರಗುತ್ತವೆ, ಚಯಾಪಚಯ ಸತ್ತುಹೋಗುತ್ತದೆ ಎನ್ನುವವರಿದ್ದಾರೆ. ಏಕಾದಶಿಯ ದಿನ ಏನೂ ತಿನ್ನದಿದ್ದರೆ ಲಿವರ್ ತನ್ನ ಗ್ಲೈಕೋಜನ್ನನ್ನು ಬಿಡುತ್ತಾ ಹೋಗುತ್ತದೆ. ಸುಮಾರು ಒಂದು ದಿನದಲ್ಲಿ ಅದು ಬಹುಪಾಲು ಮುಗಿಯುತ್ತದೆ. ಮಿದುಳಿಗೆ ದಿನಕ್ಕೆ 120 ಗ್ರಾಂನಷ್ಟು ಗ್ಲೂಕೋಸ್ ಬೇಕು. ಕೊಬ್ಬಿನಾಮ್ಲಗಳಿಂದ ದೇಹ ಗ್ಲೂಕೋಸ್ ತಯಾರಿಸಲಾರದು. ಹಾಗಾಗಿ ಲ್ಯಾಕ್ಟೇಟ್, ಗ್ಲಿಸರಾಲ್ ಜೊತೆಗೆ ಸ್ನಾಯುವಿನ ಪ್ರೊಟೀನಿನ ಒಂದಿಷ್ಟು ಭಾಗವನ್ನೂ ಲಿವರ್ ಬಳಸುತ್ತದೆ. ಇದೇ ಗತಿ ಮುಂದುವರಿದಿದ್ದರೆ ಮನುಷ್ಯ ಬರಗಾಲಗಳನ್ನು ದಾಟುತ್ತಿರಲಿಲ್ಲ. 1967ರಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಕಾಹಿಲ್, ಆಲಿವರ್ ಓವೆನ್ ತಂಡದವರು ಸ್ಥೂಲಕಾಯದ ರೋಗಿಗಳನ್ನು ಆಸ್ಪತ್ರೆಯಲ್ಲಿ 5–6 ವಾರ ಉಪವಾಸವಿರಿಸಿ ನೋಡಿದಾಗ, ಮಿದುಳಿನ ಶಕ್ತಿಯ ಹೆಚ್ಚಿನ ಭಾಗ ಬರುತ್ತಿದ್ದುದು ಕೊಬ್ಬಿನಿಂದ ಲಿವರ್ ತಯಾರಿಸಿದ ಕೀಟೋನ್‌ಗಳಿಂದ. ಮಿದುಳು ಗ್ಲೂಕೋಸ್ ಬಿಟ್ಟು ಬೇರೇನನ್ನೂ ಮುಟ್ಟದು ಎಂಬ ಅಲ್ಲಿಯವರೆಗಿನ ತಿಳಿವಳಿಕೆ ಅಲ್ಲಿಗೆ ಮುಗಿಯಿತು. ಕೀಟೋನ್ ಏರಿದಂತೆ ಪ್ರೊಟೀನಿನ ನಷ್ಟ ಇಳಿಯುತ್ತದೆ.

ಚಯಾಪಚಯ ಕುಗ್ಗುವುದು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದಾಗ. 1944–45ರಲ್ಲಿ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಪುರುಷರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದಾಗ ಅವರ ವಿಶ್ರಾಂತಿಯ ಶಕ್ತಿಬಳಕೆ ಸುಮಾರು ಶೇ 40 ಇಳಿಯಿತು. ಅದರಲ್ಲಿ ದೊಡ್ಡ ಪಾಲು ಮೈಯೇ ಸೊರಗಿದ್ದರಿಂದ ಆದದ್ದು. ಒಂದು ದಿನದ ಉಪವಾಸವನ್ನು ಇದರ ಪಕ್ಕ ಇಟ್ಟು ಹೆದರಿಸುವುದು ತಪ್ಪು.

ಬೆವರು ಹರಿದರೆ ಕೊಬ್ಬು ಹರಿದಂತೆ ಎಂಬುದಕ್ಕೆ ಹೆಚ್ಚು ಮಾತು ಬೇಡ. 10 ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದದ್ದು ನೀರಾಗುತ್ತದೆ. ಬೆವರಿ ಇಳಿದ ತೂಕ ನೀರು ಕುಡಿದೊಡನೆ ಮರಳುತ್ತದೆ.

ನಿಜಕ್ಕೂ ಹೆದರಬೇಕಾದವರು ಬೇರೆ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು. ಆರೋಗ್ಯವಂತರಲ್ಲಿ ಹೊಟ್ಟೆ ಖಾಲಿಯಾದಂತೆ ಇನ್ಸುಲಿನ್ ತಾನಾಗಿ ತಗ್ಗುತ್ತದೆ. ಔಷಧಿಯಿಂದ ಬಂದ ಇನ್ಸುಲಿನ್ ಹಾಗೆ ತಗ್ಗುವುದಿಲ್ಲ. ಅದು ಲಿವರ್ ಸಕ್ಕರೆ ಬಿಡದಂತೆ ತಡೆಯುತ್ತದೆ. ಅತ್ತ ನಡೆಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತದೆ. ಹೀಗೆ ರಕ್ತದ ಸಕ್ಕರೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಯವರಲ್ಲಿ ದೀರ್ಘ ಉಪವಾಸದಿಂದ ಕೀಟೋನ್ ಅಪಾಯದ ಮಟ್ಟಕ್ಕೆ ಏರಬಹುದು, ಸಕ್ಕರೆ ಹೆಚ್ಚು ಏರದಿದ್ದಾಗಲೂ. ಏಕಾದಶಿಯಿರಲಿ, ರಂಜಾನ್ ಇರಲಿ, ಕೆಲವು ದಿನ ಮೊದಲೇ ಡಾಕ್ಟರನ್ನು ಕಂಡು ಡೋಸು ಬದಲಿಸಿಕೊಳ್ಳಿ. ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತೊದಲಿದರೆ ಸಕ್ಕರೆ ಕುಸಿದಿದೆ ಎಂದು ತಿಳಿದು, ಉಪವಾಸ ಅಲ್ಲಿಗೆ ನಿಲ್ಲಿಸಿ 15 ಗ್ರಾಂ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕರಗಿಸಿ ಕುಡಿಯಿರಿ, 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.