ಗಣಕಯಂತ್ರದಲ್ಲಿ ಸ್ವಾವಲಂಬನೆ: ಲಿನಕ್ಸಿಗೆ ಹೊಸದಾಗಿ ಬರುವವರಿಗೆ ನೆರವು

ಕಾವೇರಿಯ ದಂಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ನೆರೆಯುವ ದನಗಳ ಜಾತ್ರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಗೆ ಬರುವ ರೈತನು ಹಲ್ಲು ನೋಡದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಎತ್ತಿನ ಜೋಡಿಗೆ ಬೆಲೆ ಕಟ್ಟುವುದಿಲ್ಲ. ಆದರೆ ಅದೇ ಸೀಮೆಯ ವಿದ್ಯಾವಂತನು ತನ್ನ ಲೆಕ್ಕ, ಪತ್ರ, ದಾಖಲೆಗಳ ಭಾರವನ್ನೆಲ್ಲ ಹೊರುವ ಗಣಕಯಂತ್ರದ ವಿಷಯದಲ್ಲಿ, ಅಂಗಡಿಯವನು ತುಂಬಿಕೊಟ್ಟದ್ದನ್ನೇ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾನೆ. ಈ ಔದಾಸೀನ್ಯವು ಇನ್ನು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಕಾರಣವು ಸ್ಪಷ್ಟವಾಗಿದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ನೆಯ ಇಸವಿ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಹೊಸ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ರಕ್ಷಣಾ ಭಾಗವನ್ನೂ ಕೇಳುವುದರಿಂದ, ಗಟ್ಟಿಮುಟ್ಟಾಗಿರುವ ಅನೇಕ ಯಂತ್ರಗಳು ಅದಕ್ಕೆ ಅಯೋಗ್ಯವೆನಿಸಿಕೊಂಡಿವೆ. ಅವುಗಳನ್ನು ಗುಜರಿಗೆ ಹಾಕುವುದು ದುಂದು. ಕಳ್ಳಪ್ರತಿಯನ್ನು ತುಂಬಿಸಿಕೊಳ್ಳುವುದು ಅಪರಾಧ. ರಕ್ಷಣೆಯಿಲ್ಲದೆ ಹಾಗೆಯೇ ಬಳಸುವುದು ಅಪಾಯ. ಇನ್ನುಳಿದ ಮಾರ್ಗವೇ ಲಿನಕ್ಸ್.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಪ್ರಕಟಿಸಿದನು. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆಯನ್ನು ಘೋಷಿಸಿದ್ದನು. ಈ ಎರಡು ಕಾರ್ಯಗಳ ಫಲವನ್ನು ಯಾರು ಬೇಕಾದರೂ ಬಳಸಬಹುದು, ಪರಿಶೀಲಿಸಬಹುದು, ತಿದ್ದಬಹುದು, ನೆರೆಯವನಿಗೆ ಹಂಚಬಹುದು. ಇಲ್ಲಿ ಪ್ರತಿ ಮಾಡಿಕೊಡುವುದು ಕಳವಲ್ಲ. ಸ್ವದೇಶಿಯೆಂದರೆ ಇಲ್ಲಿಯೇ ಹುಟ್ಟಿದ್ದೆಂದು ಮಾತ್ರ ಅರ್ಥವಲ್ಲ. ನಮ್ಮ ಕೈಯ ಅಧೀನದಲ್ಲಿರುವುದು ಎಂದೂ ಅರ್ಥ. ಆ ಅರ್ಥದಲ್ಲಿ ಲಿನಕ್ಸ್ ನಮ್ಮದಾಗಬಲ್ಲದು.

ಹೊಸಬನಿಗೆ ಮೊದಲ ತೊಡಕು ಆಯ್ಕೆಯದು. ಲಿನಕ್ಸ್ ಒಂದೇ ರೂಪದಲ್ಲಿ ಬರುವುದಿಲ್ಲ. ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ ಮೊದಲಾದ ವಿತರಣೆಗಳಾಗಿ ಬರುತ್ತದೆ. ಬಲ್ಲವರು ಇವುಗಳ ತಾರತಮ್ಯವನ್ನು ಕುರಿತು ಗಂಟೆಗಟ್ಟಲೆ ವಾದಿಸುವರು. ಹೊಸಬನು ಬೆದರಿ ಮನೆಗೆ ಹೋಗುವನು. ನಮ್ಮ ಸಲಹೆ ಸರಳವಾದುದು. ವಿಂಡೋಸಿಗೆ ಒಗ್ಗಿದವರು ಲಿನಕ್ಸ್ ಮಿಂಟನ್ನು ಆರಿಸಿಕೊಳ್ಳಲಿ. ಅದರ ಮೇಜಿನ ವ್ಯವಸ್ಥೆಯು ಅವರಿಗೆ ಅಪರಿಚಿತವೆನಿಸದು. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕಾದರೂ 4 ಜಿಬಿ ಇದ್ದರೆ ಸುಖ. ಯಂತ್ರವು ಹಳೆಯದಾದರೆ ಅದರಲ್ಲಿಯೇ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ರೂಪವುಂಟು. ಕಚೇರಿಗಳಲ್ಲಿ ಹತ್ತಾರು ಯಂತ್ರಗಳನ್ನು ನಡೆಸಬೇಕಾದವರು ಐದು ವರ್ಷ ಬೆಂಬಲವುಳ್ಳ ಉಬುಂಟು ಎಲ್‌ಟಿಎಸ್ ಆವೃತ್ತಿಯನ್ನು ಪರಿಶೀಲಿಸಬಹುದು.

ಎರಡನೆಯದು ಪರೀಕ್ಷೆ. ಎತ್ತನ್ನು ನಡೆಸಿ ನೋಡುವಂತೆ ಲಿನಕ್ಸನ್ನೂ ಸ್ಥಾಪಿಸುವ ಮುನ್ನ ನಡೆಸಿ ನೋಡಬಹುದು. ವಿತರಣೆಯ ಅಧಿಕೃತ ತಾಣದಿಂದ ಇಳಿಸಿಕೊಂಡ ಐಎಸ್‌ಒ ಕಡತವನ್ನು 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಬರೆಯತಕ್ಕದ್ದು. ಹೀಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಯುವುದು. ಅನಂತರ ಯಂತ್ರವನ್ನು ಹೊತ್ತಿಸುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿಯನ್ನೊತ್ತಿ ಪೆನ್‌ಡ್ರೈವಿನಿಂದಲೇ ಆರಂಭಿಸಬೇಕು. ಡಿಸ್ಕಿನ ಒಂದಕ್ಷರವನ್ನೂ ಮುಟ್ಟದೆ ಇಡೀ ವ್ಯವಸ್ಥೆಯು ಎದುರಿಗೆ ತೆರೆದುಕೊಳ್ಳುವುದು. ವೈಫೈ ಹಿಡಿಯುವುದೇ, ಧ್ವನಿ ಬರುವುದೇ, ಪ್ರಿಂಟರ್ ಅಚ್ಚೊತ್ತುವುದೇ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುವೇ ಎಂದು ಸಾವಧಾನವಾಗಿ ನೋಡಬೇಕು. ಪ್ರಿಂಟರಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹೊಸ ಮಾದರಿಗಳು ಬಹುಮಟ್ಟಿಗೆ ತಾವೇ ಹೊಂದಿಕೊಳ್ಳುತ್ತವೆ; ನಮ್ಮ ಕಚೇರಿಗಳಲ್ಲಿ ಸರ್ವಸಾಮಾನ್ಯವಾದ ಕ್ಯಾನನ್ ಎಲ್‌ಬಿಪಿ 2900ರಂತಹ ಹಳೆಯ ಮಾದರಿಗೆ ಪ್ರತ್ಯೇಕ ಡ್ರೈವರ್ ಬೇಕಾಗುವುದು.

ಮೂರನೆಯದು ಸ್ಥಾಪನೆ. ಇಲ್ಲಿ ಮರೆಯಬಾರದ ವಿಧಿ ಒಂದೇ: ಎಲ್ಲ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟು, ಅದನ್ನು ತೆರೆದು ನೋಡಿದ ಮೇಲೆಯೇ ಮುಂದುವರಿಯಬೇಕು. ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಗೆ ಸಮ್ಮತಿಸಿದ ಬಳಿಕ ಪಶ್ಚಾತ್ತಾಪದಿಂದ ಫಲವಿಲ್ಲ. ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸನ್ನಿಡುವುದೂ ಸಾಧ್ಯ. ಆಗ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸಿ, ಬಿಟ್‌ಲಾಕರ್ ಇದ್ದರೆ ಅದರ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಟ್ಯಾಲಿಯಲ್ಲಿ ಲೆಕ್ಕವಿಡುವ ವರ್ತಕರೂ, ವಿಂಡೋಸಿನಲ್ಲಿ ಮಾತ್ರ ನಡೆಯುವ ಡಿಜಿಟಲ್ ಸಹಿಯ ತಂತ್ರಾಂಶವನ್ನು ಅವಲಂಬಿಸಿದ ಅಧಿಕಾರಿಗಳೂ ಈ ಜೋಡಿ ವ್ಯವಸ್ಥೆಯನ್ನೇ ಅನುಸರಿಸುವುದು ವಿವೇಕ. ಲಿನಕ್ಸಿನ ಅಭಿಮಾನಿಗಳು ಈ ಸತ್ಯವನ್ನು ಮುಚ್ಚಿಡಬಾರದು.

ಕನ್ನಡದ ಪ್ರಶ್ನೆಯು ನಮಗೆ ಎಲ್ಲಕ್ಕಿಂತ ಮುಖ್ಯವಾದುದು. ನುಡಿಯಲ್ಲಿ ಕೈ ಕುದುರಿದ ಗುಮಾಸ್ತರು ಹೊಸದನ್ನು ಕಲಿಯಬೇಕೆಂದು ಅಂಜಬೇಕಾಗಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯು ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಐಬಸ್ ಎಂಬ ವ್ಯವಸ್ಥೆಗೆ ಎಂ17ಎನ್ ಸೇರಿಸಿಕೊಂಡರಾಯಿತು. ಆದರೆ ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಾವು. ಆ ಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಶೈಲಿಯು ಇಲ್ಲವಾದೊಡನೆ ಕನ್ನಡವೂ ಇಲ್ಲವಾಗುವುದು. ಅಂತಹ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದೊಂದೇ ಪರಿಹಾರ. ಲಿನಕ್ಸಿಗೆ ಬಾರದವರೂ ಈ ಕಾರ್ಯವನ್ನು ಮಾಡಲೇಬೇಕು. ಇಲ್ಲವಾದರೆ ಸಂಘಗಳ, ಪಂಚಾಯಿತಿಗಳ ಹಳೆಯ ದಾಖಲೆಗಳು ಮುಂದಿನವರಿಗೆ ಓದಲು ಬಾರದ ಶಾಸನಗಳಾದಾವು.

ಕೆಲವು ತೊಂದರೆಗಳು ಬಂದೇ ಬರುವುವು. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಸೇರಿಸಿ, ಅದರ ಮೂಲಕ ಅಂತರ್ಜಾಲವನ್ನು ಪಡೆದು, ಮಿಂಟಿನ ಡ್ರೈವರ್ ಮ್ಯಾನೇಜರನ್ನು ತೆರೆಯಬೇಕು. ಎರಡು ವ್ಯವಸ್ಥೆಗಳಿರುವ ಯಂತ್ರದ ಗಡಿಯಾರವು ವಿಂಡೋಸಿನಲ್ಲಿ ಐದೂವರೆ ಗಂಟೆ ಹಿಂದೆ ಬಿದ್ದರೆ ಅದು ಯಂತ್ರದ ದೋಷವಲ್ಲ; ಒಂದು ವ್ಯವಸ್ಥೆ ಜಾಗತಿಕ ಸಮಯವನ್ನೂ ಇನ್ನೊಂದು ಭಾರತದ ಸಮಯವನ್ನೂ ಎಣಿಸುತ್ತಿರುವುದೇ ಕಾರಣ. ಎರಡನ್ನೂ ಒಂದೇ ಎಣಿಕೆಗೆ ತಂದರೆ ಸರಿಹೋಗುವುದು. ಮಿಂಟಿನಲ್ಲಿರುವ ಟೈಮ್‌ಶಿಫ್ಟನ್ನು ಮೊದಲ ದಿನವೇ ಸಜ್ಜುಗೊಳಿಸಿದರೆ, ಮುಂದೆ ವ್ಯವಸ್ಥೆ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು. ನೆರವು ಕೇಳುವವರು ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಹೇಳಬಾರದು. ಯಂತ್ರದ ಮಾದರಿ, ವಿತರಣೆಯ ಆವೃತ್ತಿ, ತಾವು ಮಾಡಿದ್ದೇನು, ಪರದೆಯ ಮೇಲೆ ಮೂಡಿದ ಮಾತುಗಳೇನು ಎಂಬ ನಾಲ್ಕನ್ನು ಬರೆದು ತಂದರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.

ಈಗ ಬಲ್ಲವರಿಗೆ ಒಂದು ಮಾತು. ಖಾದಿಯ ಚಳವಳಿಯಲ್ಲಿ ಚರಕವನ್ನು ಹಂಚಿದಷ್ಟಕ್ಕೇ ನೂಲು ಬರಲಿಲ್ಲ. ಡೊಂಕಾದ ಕದಿರನ್ನು ನೆಟ್ಟಗೆ ಮಾಡಿಕೊಟ್ಟು, ಪಕ್ಕದಲ್ಲಿ ಕುಳಿತು ಎಳೆ ತೆಗೆಯುವುದನ್ನು ಕಲಿಸಿದವರು ಬೇಕಾಗಿದ್ದರು. ಲಿನಕ್ಸಿಗೂ ಇದೇ ನ್ಯಾಯ. ಹೊಸಬನ ಕೈಯಿಂದ ಮೌಸನ್ನು ಕಿತ್ತುಕೊಂಡು, ಅರ್ಥವಾಗದ ನಾಲ್ಕು ಆದೇಶಗಳನ್ನು ಕುಟ್ಟಿ ಎದ್ದು ಹೋಗುವುದು ಉಪಕಾರವಲ್ಲ. ಅದು ಅಂಗಡಿಯವನ ದಾಸ್ಯವನ್ನು ಬಿಡಿಸಿ ತನ್ನ ದಾಸ್ಯಕ್ಕೆ ಒಳಪಡಿಸುವುದು. ಕೀಲಿಯನ್ನೊತ್ತುವ ಕೈ ಹೊಸಬನದೇ ಆಗಿರಲಿ. ಮಾಡಿದ್ದನ್ನು ಅವನು ತನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ.

ಇದು ಅಸಾಧ್ಯವೆನ್ನುವವರು ಹೆಗ್ಗಡದೇವನಕೋಟೆಯ ಬಾವಲಿಯ ಆಚೆಗೆ ನೋಡಲಿ. ಕೇರಳದ ಸರ್ಕಾರಿ ಶಾಲೆಗಳ ಗಣಕಗಳು ವರ್ಷಗಳಿಂದ ಲಿನಕ್ಸಿನಲ್ಲಿ ನಡೆಯುತ್ತಿವೆ. ಅಲ್ಲಿನ ಕೈಟ್ ಎಂಬ ಸರ್ಕಾರಿ ಸಂಸ್ಥೆಯು ಉಬುಂಟುವಿನ ಮೇಲೆ ಕಟ್ಟಿದ ವಿತರಣೆಯನ್ನು ಶಾಲೆಗಳಿಗೆ ಒದಗಿಸಿ, ಅಧ್ಯಾಪಕರಿಗೆ ತರಬೇತಿಯನ್ನೂ ಕೊಡುತ್ತಿದೆ. ನಮ್ಮಲ್ಲಿಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗೆ ಉಬುಂಟುವಿನಲ್ಲಿ ಶಿಕ್ಷಣವಿತ್ತಿದೆ. ಅಲ್ಲಿ ಗೆದ್ದದ್ದು ತಂತ್ರಾಂಶವೊಂದೇ ಅಲ್ಲ. ಕಲಿಸುವವರು ಹತ್ತಿರದಲ್ಲಿದ್ದುದೂ ಹೌದು.

ಆದುದರಿಂದ ನಮ್ಮ ಸೂಚನೆಯಿದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿಯೋ, ಊರಿನ ಕಾಲೇಜಿನಲ್ಲಿಯೋ ತಿಂಗಳಿಗೊಂದು ಭಾನುವಾರ ಬಲ್ಲವರಿಬ್ಬರು ಎರಡು ಪೆನ್‌ಡ್ರೈವುಗಳೊಡನೆ ಕುಳಿತುಕೊಳ್ಳಲಿ. ಹಳೆಯ ಯಂತ್ರವುಳ್ಳವರು ಅದನ್ನು ಹೊತ್ತುತರಲಿ. ಹೆಚ್ಚಿನ ಹಣ ಬೇಡ, ಹೊಸ ಇಲಾಖೆ ಬೇಡ. ಚುಂಚನಕಟ್ಟೆಯ ಜಾತ್ರೆಯಲ್ಲಿ ಎತ್ತನ್ನು ಬಲ್ಲ ಹಿರಿಯನು ಹೊಸ ರೈತನ ಪಕ್ಕದಲ್ಲಿ ನಿಂತು ಸುಳಿ ತೋರಿಸುವಂತೆ, ಗಣಕವನ್ನು ಬಲ್ಲವನು ನೆರೆಯವನ ಪಕ್ಕದಲ್ಲಿ ಒಂದು ಗಂಟೆ ಕುಳಿತರೆ ಸಾಕು.