ಒಂದೇ ವಿಂಡೋಸ್ ಕೀ ಎಷ್ಟು ವರ್ಚುವಲ್ ಮಷೀನ್‌ಗಾದರೂ ಸಾಕೇ? ಸತ್ಯಾಂಶ ಇಲ್ಲಿದೆ

"ಕೆಲವೇ ನೂರು ರೂಪಾಯಿಗೆ ಒರಿಜಿನಲ್ ವಿಂಡೋಸ್ ಕೀ. ಲೈಫ್‌ಟೈಮ್ ವ್ಯಾಲಿಡಿಟಿ. ಎಷ್ಟು ವರ್ಚುವಲ್ ಮಷೀನ್‌ಗೆ ಬೇಕಾದರೂ ಹಾಕಿಕೊಳ್ಳಿ!" ಇಂತಹ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹಣ ಕಳುಹಿಸುವ ಮೊದಲು ಇದು ಎಷ್ಟು ನಿಜ ಎಂದು ನೋಡೋಣ.

ವರ್ಚುವಲ್ ಮಷೀನ್ ಎಂದರೇನು?

ನಿಮ್ಮ ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಮೂಲಕ ಓಡುವ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್‌ನಂತಹ ಉಚಿತ ಸಾಫ್ಟ್‌ವೇರ್‌ನಿಂದ ಇದನ್ನು ಮಾಡಿಕೊಳ್ಳಬಹುದು. ವಿಂಡೋಸ್‌ನದೇ ಆದ ಹೈಪರ್-ವಿ ಪ್ರೊ, ಎಂಟರ್‌ಪ್ರೈಸ್, ಎಜುಕೇಷನ್ ಆವೃತ್ತಿಗಳಲ್ಲಿದೆ, ಹೋಮ್‌ನಲ್ಲಿ ಇಲ್ಲ.

ನಿಯಮ ಏನು ಹೇಳುತ್ತದೆ?

ವಿಂಡೋಸ್ 11ರ ಸಾಮಾನ್ಯ ಲೈಸೆನ್ಸ್ ಪ್ರಕಾರ ಒಂದು ಲೈಸೆನ್ಸ್ ಒಂದು ಸಾಧನಕ್ಕೆ ಮಾತ್ರ. ಆ ಸಾಧನ ಮೇಜಿನ ಮೇಲಿರಲಿ, ವರ್ಚುವಲ್ ಆಗಿರಲಿ, ಲೆಕ್ಕ ಒಂದೇ. ಅಂದರೆ ಲ್ಯಾಪ್‌ಟಾಪ್‌ಗೆ ಒಂದು, ಅದರೊಳಗಿನ ಪ್ರತಿ ವಿಂಡೋಸ್ ವರ್ಚುವಲ್ ಮಷೀನ್‌ಗೂ ಇನ್ನೊಂದು ಬೇಕು.

ಯಾವ ಲೈಸೆನ್ಸ್ ಹೇಗೆ?

ಓಇಎಂ: ಹೊಸ ಲ್ಯಾಪ್‌ಟಾಪ್ ಜೊತೆ ಬರುತ್ತದೆ, ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ.

ರೀಟೇಲ್: ಬೇರೆಯಾಗಿ ಕೊಳ್ಳುವಂಥದ್ದು. ಹಳೆಯ ಕಂಪ್ಯೂಟರ್‌ನಿಂದ ತೆಗೆದು ಬೇರೊಂದಕ್ಕೆ ಹಾಕಬಹುದು.

ವಾಲ್ಯೂಮ್: ಕಂಪನಿ, ಕಾಲೇಜುಗಳಿಗೆ ಕೊಡುವಂಥದ್ದು. ಬಿಡಿಯಾಗಿ ಮಾರುವಂತಿಲ್ಲ.

ವಿಂಡೋಸ್ ಸರ್ವರ್: ಸರ್ವರ್‌ನ ಎಲ್ಲ ಕೋರ್‌ಗಳಿಗೂ (ಕನಿಷ್ಠ 16) ಲೈಸೆನ್ಸ್ ಪಡೆದರೆ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 2 ವರ್ಚುವಲ್ ಮಷೀನ್‌ಗೆ ಅವಕಾಶ. ಡೇಟಾಸೆಂಟರ್ ಆವೃತ್ತಿಯಲ್ಲಿ ಮಿತಿ ಇಲ್ಲ. "ಎಷ್ಟು ಬೇಕಾದರೂ" ಎಂಬ ಮಾತು ಇಂತಹ ದುಬಾರಿ ಆವೃತ್ತಿಗೆ ಸಲ್ಲುತ್ತದೆ, ನೂರಿನ್ನೂರು ರೂಪಾಯಿಯ ಕೀಗಲ್ಲ.

"ಆದರೆ ನನ್ನದು ಆ್ಯಕ್ಟಿವೇಟ್ ಆಯಿತಲ್ಲ?"

ಆಗಿರಬಹುದು. ಆದರೆ ಆ್ಯಕ್ಟಿವೇಟ್ ಆಯಿತೆಂದ ಮಾತ್ರಕ್ಕೆ ಲೈಸೆನ್ಸ್ ಸಿಕ್ಕಂತಲ್ಲ. ಸೋರಿಕೆಯಾದ ವಾಲ್ಯೂಮ್ ಕೀಯನ್ನು ಮೈಕ್ರೋಸಾಫ್ಟ್ ಬ್ಲಾಕ್ ಮಾಡಬಹುದು. ಕೆಎಂಎಸ್ ವಿಧಾನದಲ್ಲಿ ಆ್ಯಕ್ಟಿವೇಟ್ ಆಗಿದ್ದರೆ ಅದರ ಅವಧಿಯೇ 180 ದಿನ. ಅಷ್ಟರೊಳಗೆ ಸಂಸ್ಥೆಯ ಸರ್ವರ್ ಸಂಪರ್ಕಿಸಿ ನವೀಕರಿಸಿಕೊಳ್ಳಬೇಕು. ಅಂದಮೇಲೆ "ಲೈಫ್‌ಟೈಮ್" ಎಲ್ಲಿ ಬಂತು?

ಹಾಗಾದರೆ ಏನು ಮಾಡಬೇಕು?

ಕಲಿಯಲು ವರ್ಚುವಲ್ ಮಷೀನ್ ಬೇಕಿದ್ದರೆ ಉಬುಂಟು, ಡೆಬಿಯನ್‌ನಂತಹ ಲಿನಕ್ಸ್ ಹಾಕಿಕೊಳ್ಳಿ. ಎಷ್ಟು ಮಷೀನ್ ಮಾಡಿದರೂ ಕೀ ಬೇಕಿಲ್ಲ. ವಿಂಡೋಸೇ ಬೇಕೆಂದರೆ ಮೈಕ್ರೋಸಾಫ್ಟ್ ಕೊಡುವ ಉಚಿತ ಪರೀಕ್ಷಾ ಆವೃತ್ತಿಗಳಿವೆ: ವಿಂಡೋಸ್ 11 ಎಂಟರ್‌ಪ್ರೈಸ್ 90 ದಿನ, ವಿಂಡೋಸ್ ಸರ್ವರ್ 180 ದಿನ. ಆಫೀಸ್ ಕೆಲಸಕ್ಕಾದರೆ ಅಧಿಕೃತ ಮಾರಾಟಗಾರರಿಂದಲೇ ಕೊಂಡು ಬಿಲ್ ಇಟ್ಟುಕೊಳ್ಳಿ.

ನಮ್ಮ ತೀರ್ಮಾನ: ಈ ಸಂದೇಶ ದಾರಿ ತಪ್ಪಿಸುವಂಥದ್ದು. ಫಾರ್ವರ್ಡ್ ಮಾಡಬೇಡಿ.