ಮನೆಮಂದಿಯೊಂದಿಗೆ ಮೊದಲ ಯುರೋಪ್ ಪ್ರವಾಸ

ಪ್ಯಾರಿಸ್‌ನಲ್ಲಿ ಇಳಿದು ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕೊಲೋನ್ ನೋಡಿಕೊಂಡು, ಬ್ಲ್ಯಾಕ್ ಫಾರೆಸ್ಟ್ ಹಾದು ಸ್ವಿಟ್ಜರ್ಲೆಂಡಿಗೆ ಬಂದು, ಆಲ್ಪ್ಸ್ ದಾಟಿ ವೆನಿಸ್, ಪೀಸಾ ಮುಗಿಸಿ ರೋಮ್‌ನಲ್ಲಿ ವಿಮಾನ ಹತ್ತುವುದು: ಯುರೋಪಿಗೆ ಮೊದಲ ಬಾರಿ ಹೊರಡುವ ಕುಟುಂಬಗಳ ಮುಂದೆ ಪ್ರವಾಸ ಸಂಸ್ಥೆಗಳು ಇಡುವ ಪರಿಚಿತ ದಾರಿ ಇದು. ಎರಡು ವಾರದೊಳಗೆ ಇದನ್ನು ಮುಗಿಸಲು ಸಾಧ್ಯ. ಆದರೆ ಊರಿಂದೂರಿಗೆ ಹೋಗುವುದು, ಬ್ಯಾಗು ತುಂಬುವುದು, ಸಾಲಿನಲ್ಲಿ ನಿಲ್ಲುವುದರಲ್ಲೇ ಹಗಲು ಕಳೆದುಹೋಗುತ್ತದೆ. ವಯಸ್ಸಾದ ಅಪ್ಪ ಅಮ್ಮ, ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದರೆ ಆ ಆಯಾಸ ಎರಡರಷ್ಟಾಗುತ್ತದೆ. ಊರುಗಳ ಸಂಖ್ಯೆ ಕಡಿಮೆ ಮಾಡಿ, ಅಲ್ಲಿನ ನಿತ್ಯದ ಕಟ್ಟುಪಾಡುಗಳನ್ನು ಮೊದಲೇ ತಿಳಿದುಕೊಂಡು ಹೋದರೆ ಅದೇ ಹಣದಲ್ಲಿ ಬಹಳ ಒಳ್ಳೆಯ ಪ್ರವಾಸ ಸಿಗುತ್ತದೆ.

ತಯಾರಿ ವೀಸಾದಿಂದ ಶುರು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಸಣ್ಣ ಊರಿನ ಬಳಿ, ಮೊಸೆಲ್ ನದಿಯ ಮೇಲಿನ ಹಡಗೊಂದರಲ್ಲಿ ಐದು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕುವುದು ಅದರ ಉದ್ದೇಶ. ಆ ಒಪ್ಪಂದದ ವ್ಯಾಪ್ತಿಯಲ್ಲಿ 2025ರ ಹೊತ್ತಿಗೆ 29 ದೇಶಗಳಿದ್ದವು. ಒಂದೇ ವೀಸಾದಲ್ಲಿ, ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ, ಇಷ್ಟೂ ದೇಶಗಳಲ್ಲಿ ಓಡಾಡಬಹುದು. ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮ ದಿನಗಳಿದ್ದರೆ ಮೊದಲು ಕಾಲಿಡುವ ದೇಶಕ್ಕೆ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ವೀಸಾ ಸಿಗದಿದ್ದರೆ ಈ ಹಣ ವಾಪಸಾಗುವುದಿಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಲು ಅವಕಾಶವಿದೆ. ಬೇಸಿಗೆ ರಜೆಯ ಹೊತ್ತಿಗೆ ಬೆರಳಚ್ಚು ಕೊಡುವ ದಿನ ಸಿಗುವುದೇ ಕಷ್ಟವಾಗುವುದರಿಂದ ಆ ಅವಕಾಶವನ್ನು ಪೂರ್ತಿ ಬಳಸಿಕೊಳ್ಳುವುದು ಜಾಣತನ.

ಬ್ರಿಟನ್ ಮತ್ತು ಐರ್ಲೆಂಡ್ ಈ ವ್ಯವಸ್ಥೆಯ ಹೊರಗಿವೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಕಾಣುವ ಆಸೆ ಎಷ್ಟೋ ಕನ್ನಡಿಗರಿಗೆ ಇರುತ್ತದೆ. ಅದಕ್ಕೆ ಪ್ರತ್ಯೇಕ ವೀಸಾ, ಪ್ರತ್ಯೇಕ ಖರ್ಚು. ಮೊದಲ ಪ್ರವಾಸದಲ್ಲೇ ಎರಡನ್ನೂ ಸೇರಿಸುವುದು ನಾಲ್ಕು ಜನರ ಕುಟುಂಬದ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ.

ಬ್ಯಾಗಿಗೆ ಏನು ತುಂಬಬೇಕು ಎಂಬುದಕ್ಕೂ ಕಾನೂನಿದೆ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಪ್ರಾಣಿರೋಗ ಹರಡೀತು ಎಂಬುದು ಕಾರಣ. ತುಪ್ಪದ ಡಬ್ಬಿ, ಪನೀರ್, ಖೋವಾದಿಂದ ಮಾಡಿದ ಸಿಹಿ ಎಲ್ಲವೂ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ಕರಿಬೇವು, ಮಾವಿನಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಹುಳಿಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆಗೆ ಈ ಅಡ್ಡಿ ಇಲ್ಲ. ವಿದ್ಯುತ್ ನಮ್ಮಲ್ಲಿರುವಂತೆಯೇ 230 ವೋಲ್ಟ್ ಆದ್ದರಿಂದ ಚಾರ್ಜರುಗಳು ನಡೆಯುತ್ತವೆ. ಆದರೆ ಹೋಟೆಲ್ ಕೋಣೆಯಲ್ಲಿ ಅನ್ನ ಬೇಯಿಸಲು ಕುಕ್ಕರ್ ಇಡುವುದು ಸಾಮಾನ್ಯವಾಗಿ ನಿಷಿದ್ಧ. ಹೊಗೆ ಪತ್ತೆ ಹಚ್ಚುವ ಯಂತ್ರ ಕೂಗಿಕೊಂಡರೆ ಇಡೀ ಕಟ್ಟಡ ಖಾಲಿಯಾಗುತ್ತದೆ, ದಂಡವೂ ಬೀಳಬಹುದು. ಅಡುಗೆಮನೆಯಿರುವ ಅಪಾರ್ಟ್‌ಮೆಂಟನ್ನು ಬಾಡಿಗೆಗೆ ಹಿಡಿಯುವುದು ಇದಕ್ಕಿಂತ ಸಾವಿರ ಪಾಲು ಮೇಲು. ಕೋಣೆ ಕಾಯ್ದಿರಿಸುವಾಗ ಮಕ್ಕಳನ್ನೂ ಲೆಕ್ಕಕ್ಕೆ ಕೊಡಲೇಬೇಕು. ಇಬ್ಬರ ಕೋಣೆಯಲ್ಲಿ ನಾಲ್ವರು ಹೊಂದಿಕೊಳ್ಳುತ್ತೇವೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಬೆಂಗಳೂರಿನಿಂದ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್, ಮ್ಯೂನಿಕ್‌ಗಳಿಗೆ ನೇರ ವಿಮಾನಗಳಿವೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಮೊದಲೆರಡು ದಿನ ಮಕ್ಕಳು ಸಂಜೆಯೇ ತೂಕಡಿಸಿ, ಬೆಳಗಿನ ಜಾವ ಮೂರಕ್ಕೆಲ್ಲ ಎದ್ದು ಕೂರುತ್ತಾರೆ. ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ. ಕತ್ತಲಾದ ಮೇಲೆ ಪ್ರತಿ ಗಂಟೆಗೊಮ್ಮೆ ಐದು ನಿಮಿಷ ಮಿನುಗುವ ಐಫೆಲ್ ಗೋಪುರವನ್ನು ತೋರಿಸಬೇಕೆಂದರೆ ಆ ದಿನ ಮಧ್ಯಾಹ್ನ ಎಲ್ಲರೂ ಮಲಗಿ ಏಳುವುದು ಒಳ್ಳೆಯದು.

ಸುತ್ತಾಟಕ್ಕೆ ಗುಂಪಿನ ಬಸ್ಸು ಅಥವಾ ಸ್ವಂತವಾಗಿ ರೈಲು, ಎರಡೇ ದಾರಿ. ಗುಂಪಿನಲ್ಲಿ ಹೋದರೆ ಟಿಕೆಟ್ಟು, ಊಟ, ದಾರಿ ಯಾವುದರ ಚಿಂತೆಯೂ ಇಲ್ಲ. ಹಿರಿಯರಿಗೆ ಅದು ದೊಡ್ಡ ನೆಮ್ಮದಿ. ಆದರೆ ವೇಳೆಯ ವಿಚಾರದಲ್ಲಿ ಬಸ್ಸು ಯಾರಿಗೂ ಕಾಯುವುದಿಲ್ಲ. ಇದು ಚಾಲಕನ ಹಟವಲ್ಲ, ಕಾನೂನು. ಅಲ್ಲಿ ಚಾಲಕ ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆ ಗಾಡಿ ಓಡಿಸಬಹುದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ಬಿಡುವು, ರಾತ್ರಿ ಸಾಮಾನ್ಯವಾಗಿ ಹನ್ನೊಂದು ಗಂಟೆ ವಿಶ್ರಾಂತಿ ಕಡ್ಡಾಯ. ಎಲ್ಲವೂ ಬಸ್ಸಿನೊಳಗಿನ ಯಂತ್ರದಲ್ಲಿ ದಾಖಲಾಗುತ್ತದೆ. ಬೆಳಿಗ್ಗೆ ಒಂದು ಕುಟುಂಬ ಇಪ್ಪತ್ತು ನಿಮಿಷ ತಡ ಮಾಡಿದರೆ ಸಂಜೆ ಎಲ್ಲರ ಪಾಲಿನ ಒಂದು ಜಾಗ ಕೈಬಿಟ್ಟುಹೋಗುವುದು ಹೀಗೆ.

ರೈಲಿನಲ್ಲಿ ಸ್ವಾತಂತ್ರ್ಯ ಹೆಚ್ಚು, ಹೊಣೆಯೂ ಹೆಚ್ಚು. ಜರ್ಮನಿಯ ಎಷ್ಟೋ ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಯಾರೂ ಟಿಕೆಟ್ ಕೇಳುವುದಿಲ್ಲ. ತಪಾಸಣೆಯವರು ಬಂದಾಗ ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ. ಪ್ಯಾರಿಸ್ ಮೆಟ್ರೊದಲ್ಲಿ ಹೊರಗೆ ಬರುವವರೆಗೂ ಟಿಕೆಟ್ ಜೋಪಾನ ಮಾಡಬೇಕು. ಆ ಮೆಟ್ರೊ ಹಳೆಯದು, ಬಹುಪಾಲು ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮೊಣಕಾಲು ನೋವಿರುವವರಿಗೆ ನಗರದ ಬಸ್ಸೇ ಹಿತ, ಊರೂ ಕಣ್ತುಂಬ ಕಾಣುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ ಅಲ್ಲಿ ಸಾಮಾನ್ಯ. ಕಲ್ಲು ಹಾಸಿದ ಬೀದಿಗಳಲ್ಲಿ ಹೊಸ ಚಪ್ಪಲಿ ಕಾಲು ಕಚ್ಚುತ್ತದೆ. ಹೊರಡುವ ಒಂದು ತಿಂಗಳ ಮೊದಲೇ ಮನೆಮಂದಿಯೆಲ್ಲ ಒಳ್ಳೆಯ ಶೂ ಹಾಕಿಕೊಂಡು ನಡೆದು ಅಭ್ಯಾಸ ಮಾಡಿಕೊಳ್ಳಬೇಕು.

ಲೂವ್ರ್ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ, 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಮೊನಾಲಿಸಾ ಇರುವ ಕೋಣೆಯಲ್ಲಿ ಮೊದಲು ಕಾಣುವುದು ಮೇಲೆತ್ತಿ ಹಿಡಿದ ಮೊಬೈಲುಗಳು. ಆ ತಲೆಗಳ ಆಚೆ, ಗಾಜಿನ ಹಿಂದೆ, ಕೇವಲ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಚಿತ್ರ. ‘ಇಷ್ಟೇನಾ?’ ಎಂದು ಮಕ್ಕಳು ಕೇಳಿದರೆ ತಪ್ಪಿಲ್ಲ. ಅದೇ ಕೋಣೆಯ ಎದುರು ಗೋಡೆಯಲ್ಲಿ ವೆರೊನೀಸ್ ಬಿಡಿಸಿದ ಕಾನಾ ಊರಿನ ಮದುವೆಯ ಚಿತ್ರವಿದೆ. ಹತ್ತಿರ ಹತ್ತಿರ ಹತ್ತು ಮೀಟರ್ ಅಗಲ, ಲೂವ್ರ್‌ನಲ್ಲೇ ಅತಿ ದೊಡ್ಡದು. ಪಂಕ್ತಿಯಲ್ಲಿ ಕುಳಿತವರು, ವಾದ್ಯ ನುಡಿಸುವವರು, ಬಡಿಸುವವರು, ನಾಯಿಗಳು ಎಲ್ಲ ಅದರಲ್ಲಿದ್ದಾರೆ. ಜನರ ಬೆನ್ನು ಅದರ ಕಡೆಗಿರುವುದರಿಂದ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ನಿಧಾನವಾಗಿ ನೋಡಬಹುದು. ಆ ಕೋಣೆಯಲ್ಲಿ ಕುಟುಂಬವೊಂದಕ್ಕೆ ನಿಜವಾದ ಸಂತೋಷ ಕೊಡುವ ಚಿತ್ರ ಅದೇ.

ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್ ತನ್ನ ಖ್ಯಾತಿಗೆ ತಕ್ಕಂತೆಯೇ ಇದೆ. 1896ರಲ್ಲಿ ಕೆಲಸ ಶುರುವಾಗಿ 1912ರಲ್ಲಿ ಮುಗಿದ ಹಲ್ಲುಗಾಲಿಯ ರೈಲುಮಾರ್ಗ ಐಗರ್ ಮತ್ತು ಮೋಂಖ್ ಶಿಖರಗಳ ಹೊಟ್ಟೆಯೊಳಗೆ ಏಳು ಕಿಲೋಮೀಟರ್ ಸುರಂಗದಲ್ಲಿ ಏರಿ, ಸಮುದ್ರಮಟ್ಟದಿಂದ 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ತಲುಪಿಸುತ್ತದೆ. ಯುರೋಪಿನ ಅತ್ಯಂತ ಎತ್ತರದ ರೈಲು ನಿಲ್ದಾಣ ಇದು. ಮೇಲೆ ನಿಂತರೆ ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಆಲೆಚ್ ಕಾಣುತ್ತದೆ, ಮೋಡ ಇಲ್ಲದಿದ್ದರೆ. ಟಿಕೆಟ್ ಬಲು ದುಬಾರಿ. ಆದ್ದರಿಂದ ಆ ಬೆಳಿಗ್ಗೆ ಶಿಖರದ ನೇರ ಕ್ಯಾಮೆರಾ ಚಿತ್ರ ನೋಡಿಕೊಂಡೇ ಹೊರಡಬೇಕು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ ಇರುತ್ತದೆ. ಹಿಮ ಕಂಡ ಉತ್ಸಾಹದಲ್ಲಿ ಓಡಿದರೆ ತಲೆ ಸುತ್ತುತ್ತದೆ. ಹೃದಯದ ತೊಂದರೆಯಿರುವ ಹಿರಿಯರು ವೈದ್ಯರನ್ನು ಕೇಳಿಯೇ ಹೋಗಬೇಕು. ಅವರಿಗೆ ಕೆಳಗಿನ ಲೌಟರ್‌ಬ್ರುನೆನ್ ಕಣಿವೆಯೇ ಸಾಕು. ಸುಮಾರು 300 ಮೀಟರ್ ಎತ್ತರದ ಸ್ಟೌಬಾಖ್ ಜಲಪಾತ ಊರ ಬೀದಿಯಿಂದಲೇ ಕಾಣುತ್ತದೆ, ಕಾಸೂ ಖರ್ಚಿಲ್ಲ. ಪ್ರವಾಸ ಸಂಸ್ಥೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವ ರೈನ್ ಜಲಪಾತದ ಎತ್ತರ 23 ಮೀಟರ್ ಮಾತ್ರ. ಜೋಗ ಕಂಡ ಕಣ್ಣಿಗೆ ಅದು ಗಿಡ್ಡ ಎನಿಸಿದರೂ, ಮೈಮೇಲೆ ತುಂತುರು ಹಾರಿಸುತ್ತ 150 ಮೀಟರ್ ಅಗಲಕ್ಕೆ ಧುಮುಕುವ ಆ ನೀರಿನ ಆರ್ಭಟ ಬೇರೆಯೇ. ಮಕ್ಕಳೊಂದಿಗೆ ಹೋಗುವವರಿಗೆ ಈ ದೇಶದಲ್ಲಿ ದೊಡ್ಡ ಅನುಕೂಲವೊಂದಿದೆ: ಸ್ವಿಸ್ ಟ್ರಾವೆಲ್ ಪಾಸ್ ಕೊಂಡ ತಂದೆ ಅಥವಾ ತಾಯಿಯ ಜೊತೆ 6ರಿಂದ 15 ವರ್ಷದ ಮಕ್ಕಳು ಉಚಿತವಾಗಿ ಪ್ರಯಾಣಿಸಬಹುದು, ಅದಕ್ಕೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಬೇಕು.

ಇಟಲಿಯಲ್ಲಿ ಸೆಕೆ, ಜನಜಂಗುಳಿ, ಸಡಗರ. ಪೀಸಾದ ವಾಲುಗೋಪುರ ಹತ್ತಲು 8 ವರ್ಷದೊಳಗಿನವರಿಗೆ ಬಿಡುವುದಿಲ್ಲ. ವ್ಯಾಟಿಕನ್ನಿನಲ್ಲಿ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲೇಬೇಕು. ವೆನಿಸ್ ಊರಿಗೆ ಹಗಲು ಮಾತ್ರ ಬಂದು ಹೋಗುವವರು 2024ರಿಂದ ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ಕಟ್ಟಬೇಕು. ರೋಮ್‌ನ ಬೀದಿಗಳಲ್ಲಿ ಮಾತ್ರ ಕುಡಿಯುವ ನೀರಿಗೆ ಬರವಿಲ್ಲ. 1870ರ ದಶಕದಿಂದ ನೆಟ್ಟ ಎರಕದ ಕಬ್ಬಿಣದ ಕಂಬಗಳಿಂದ ತಣ್ಣನೆಯ ನೀರು ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಬಾಗಿದ ಕೊಳವೆಯ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆಯೇ ಕುಡಿಯಬಹುದು. ಮಕ್ಕಳು ಈ ಆಟವನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಟ್ರೆವಿ ಕಾರಂಜಿಗೆ ನೀರುಣಿಸುವ ಕಾಲುವೆಯಂತೂ ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಕಟ್ಟಿಸಿದ್ದು. ಎರಡು ಸಾವಿರ ವರ್ಷ ಹಿಂದಿನ ನೀರಿನ ವ್ಯವಸ್ಥೆ ಇಂದಿಗೂ ಕೆಲಸ ಮಾಡುತ್ತಿರುವುದನ್ನು ತೋರಿಸಿದರೆ, ಇತಿಹಾಸದ ಪುಸ್ತಕ ಕಂಡರೆ ಮುಖ ತಿರುಗಿಸುವ ಹುಡುಗರೂ ಕಿವಿಗೊಡುತ್ತಾರೆ.

ಇನ್ನು ಊಟ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಎಚ್ಚರ ಬೇಕು. ಪಿಜ್ಜಾ, ಪಾಸ್ತಾ, ಬ್ರೆಡ್ಡು, ಹಣ್ಣು, ಮೊಸರು ಎಲ್ಲೆಡೆ ಸಿಗುತ್ತವೆ. ಆದರೆ ತರಕಾರಿ ಸೂಪಿಗೆ ಮಾಂಸದ ಸಾರು ಬೆರೆತಿರಬಹುದು. ಪಾರ್ಮೆಸಾನ್ ಚೀಸ್ ತಯಾರಿಗೆ ಕರುವಿನ ಜಠರದ ಕಿಣ್ವ ಬಳಸುತ್ತಾರೆ. ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಮಾಂಸ, ಮೀನು, ಮೊಟ್ಟೆ ಬೇಡ ಎಂದು ಒಂದೊಂದನ್ನೂ ಬಿಡಿಸಿ ಹೇಳಬೇಕು. ಫ್ರಾನ್ಸಿನ ರೆಸ್ಟೋರೆಂಟುಗಳಲ್ಲಿ ಊಟದ ಜೊತೆ ಹೂಜಿಯ ನೀರು ಉಚಿತ, ಕೇಳಬೇಕಷ್ಟೆ. ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ನೀರಿಗೂ ಸಾಮಾನ್ಯವಾಗಿ ಬಿಲ್ಲು ಬರುತ್ತದೆ. ಮಧ್ಯಾಹ್ನ ಎರಡೂವರೆ ದಾಟಿತೆಂದರೆ ಎಷ್ಟೋ ಕಡೆ ಅಡುಗೆಮನೆ ಮುಚ್ಚಿ, ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ಕಾನೂನುಬದ್ಧ ರಜೆ. ಮುಖ್ಯವಾಗಿ ದೊಡ್ಡ ರೈಲು ನಿಲ್ದಾಣಗಳಲ್ಲಿ ಹಾಲು, ಬ್ರೆಡ್ಡು ಸಿಗುತ್ತದೆ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು.

ಶೌಚಾಲಯದ ವಿಷಯವನ್ನು ಪ್ರವಾಸದ ಕರಪತ್ರಗಳು ಮುಟ್ಟುವುದೇ ಇಲ್ಲ. ಎಲ್ಲ ಕಡೆ ಕಾಗದ. ತೊಳೆದುಕೊಳ್ಳುವ ನೀರಿನ ಸ್ಪ್ರೇ ಇರುವುದಿಲ್ಲ. ಇಟಲಿಯ ಮನೆಗಳಲ್ಲಿ ಮಾತ್ರ 1975ರ ನಿಯಮದಂತೆ ತೊಳೆದುಕೊಳ್ಳುವ ಬಿಡೆ ತೊಟ್ಟಿ ಇರುತ್ತದೆ. ಚಿಕ್ಕ ಪ್ಲಾಸ್ಟಿಕ್ ಬಾಟಲಿಯೊಂದು ಸದಾ ಚೀಲದಲ್ಲಿರಲಿ. ನಿಲ್ದಾಣ, ಹೆದ್ದಾರಿಗಳಲ್ಲಿ ಪ್ರತಿ ಸಲಕ್ಕೂ ಅರ್ಧದಿಂದ ಒಂದೂವರೆ ಯೂರೋ ತೆರಬೇಕಾಗುವುದರಿಂದ ಚಿಲ್ಲರೆ ಬೇಕು. ಮ್ಯೂಸಿಯಂ ಒಳಗೆ ಉಚಿತ. ಹೊರಬರುವ ಮುನ್ನ ಎಲ್ಲರೂ ಮುಗಿಸಿಕೊಂಡರೆ ಆಯಿತು.

ಅಂದದ ಜೊತೆಗೆ ಕೊಳಕೂ ಇದೆ. ಪ್ಯಾರಿಸ್ ಮೆಟ್ರೊ, ರೋಮ್‌ನ ತೆರ್ಮಿನಿ ನಿಲ್ದಾಣ, ಬಾರ್ಸಿಲೋನಾದ ಜನನಿಬಿಡ ಬೀದಿಗಳಲ್ಲಿ ಜೇಬುಗಳ್ಳರ ಕಾಟ ಹೆಚ್ಚು. ಸಹಿ ಸಂಗ್ರಹದ ಕಾಗದ ಹಿಡಿದು ಬರುವವರು, ಕೈಗೆ ದಾರ ಕಟ್ಟಿ ದುಡ್ಡು ಕೇಳುವವರು ಕಂಡರೆ ನಿಲ್ಲದೆ ಮುಂದೆ ನಡೆಯಬೇಕು. ಹೋಟೆಲುಗಳ ಹೊರಗಿನ ಮೇಜುಗಳಲ್ಲಿ ಸಿಗರೇಟಿನ ಹೊಗೆ ದಟ್ಟವಾಗಿರುತ್ತದೆ. ಮಗುವಿದ್ದರೆ ಒಳಗೇ ಕೂರುವುದು ಮೇಲು. ಕಾರ್ಡ್ ಯಂತ್ರ ರೂಪಾಯಿಯಲ್ಲಿ ಪಾವತಿಸುತ್ತೀರಾ ಎಂದು ಕೇಳಿದರೆ ಯೂರೋವನ್ನೇ ಆರಿಸಬೇಕು, ಇಲ್ಲದಿದ್ದರೆ ಪರಿವರ್ತನೆಯಲ್ಲಿ ಹಣ ಸೋರುತ್ತದೆ. ಜನ ಬಿಗುಮಾನದವರು ಎಂಬ ದೂರು ಪೂರ್ತಿ ನಿಜವಲ್ಲ. ಫ್ರೆಂಚ್ ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಎಂದು ಹೇಳಿ ಆಮೇಲೆ ಬೇಕಾದ್ದು ಕೇಳಿದವರಿಗೆ ಬೇರೆಯದೇ ಮುಖ ಕಾಣುತ್ತದೆ. ಜೀಬ್ರಾ ಪಟ್ಟೆಯ ಮೇಲೆ ಅಜ್ಜಿ ಕಾಲಿಟ್ಟರೆ ಕಾರುಗಳ ಸಾಲು ಹಾರನ್ ಇಲ್ಲದೆ ನಿಲ್ಲುವುದನ್ನು ನೋಡಿದರೆ, ನಮ್ಮೂರಲ್ಲೂ ಇದೇಕೆ ಆಗಬಾರದು ಎಂದು ಮನಸ್ಸಿಗೆ ನಾಟುತ್ತದೆ.

ಮೊದಲ ಸಲ ಹೋಗುವವರು ಅಕ್ಕಪಕ್ಕದ ಎರಡು ದೇಶ, ಹೆಚ್ಚೆಂದರೆ ಮೂರು ಆರಿಸಿಕೊಳ್ಳಲಿ. ಒಂದೊಂದು ಊರಲ್ಲಿ ಕನಿಷ್ಠ ಮೂರು ರಾತ್ರಿ ತಂಗಲಿ, ದಿನಕ್ಕೆ ಒಂದೇ ಟಿಕೆಟ್ಟಿನ ಜಾಗ ಇಟ್ಟುಕೊಳ್ಳಲಿ. ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಸೆಕೆ, ಜನಸಂದಣಿ ಎರಡೂ ಕಡಿಮೆ; ಶಾಲೆಯ ರಜೆ ಹೊಂದಿದರೆ ಮೇ ತಿಂಗಳೇ ಸರಿ. ಹಾಗಾದರೆ ವೀಸಾ ಅರ್ಜಿಯ ಕೆಲಸವನ್ನು ಡಿಸೆಂಬರ್‌ನಲ್ಲೇ ಶುರು ಮಾಡಿ.